ಮುರಿದ ವಿಮಾನವೂ ಲೆಕ್ಕಕ್ಕೆ ಬಾರದ ಕೌಶಲವೂ

ರೇಡಿಯೊ ನಿಯಂತ್ರಣದಿಂದ ಹಾರುವ ದೊಡ್ಡ ಮಾದರಿ ವಿಮಾನವೊಂದು ನೆಲಕ್ಕೆ ಅಪ್ಪಳಿಸಿದಾಗ ಅದರ ಒಡೆಯನ ಮುಂದೆ ಎರಡು ದಾರಿಗಳಿರುತ್ತವೆ. ಮುರಿದದ್ದನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳುವುದು ಒಂದು. ಚೂರುಗಳನ್ನೆಲ್ಲ ಆಯ್ದು ತಂದು ಮತ್ತೆ ಕಟ್ಟುವುದು ಇನ್ನೊಂದು. ಇದು ಬೆರಳೆಣಿಕೆಯ ಹವ್ಯಾಸಿಗಳ ಖಾಸಗಿ ಸಂದಿಗ್ಧವೆಂದು ಓದುಗರಿಗೆ ತೋರಬಹುದು. ಆದರೆ ಮಿಕ್ಸಿಯಿಂದ ಹಿಡಿದು ಮೊಬೈಲ್ ಫೋನಿನವರೆಗೆ ನಾವೆಲ್ಲರೂ ಆಗಾಗ ಎದುರಿಸುವ ಪ್ರಶ್ನೆ ಇದೇ. ಬಹುಪಾಲು ಸಲ ಹೆಚ್ಚು ಯೋಚಿಸದೆ ಮೊದಲ ದಾರಿಯನ್ನೇ ಹಿಡಿಯುತ್ತೇವೆ. ಎರಡನೆಯ ದಾರಿಯ ಲಾಭ ನಷ್ಟಗಳನ್ನು ಒಂದು ವಿಮಾನದ ನೆಪದಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಾನು ಹೇಳಹೊರಟಿರುವುದು ಎರಡನೆಯ ಮಹಾಯುದ್ಧದ ಹಾಕರ್ ಹರಿಕೇನ್ ಯುದ್ಧವಿಮಾನದ, ಐದನೆಯ ಒಂದು ಅಳತೆಯ ಮಾದರಿಯ ಸಂಗತಿ. ಮೂಲ ವಿಮಾನದ ರೆಕ್ಕೆಯ ಹರವು 40 ಅಡಿ. ಮಾದರಿಯದು 8 ಅಡಿ. ಅಳತೆ ಐದನೆಯ ಒಂದಾದರೆ ರೆಕ್ಕೆಯ ವಿಸ್ತೀರ್ಣ 25ರಲ್ಲಿ ಒಂದಾಗುತ್ತದೆ, ಗಾತ್ರ 125ರಲ್ಲಿ ಒಂದಾಗುತ್ತದೆ. ಯುದ್ಧಸಜ್ಜಿತ ಹರಿಕೇನಿನ ತೂಕ ಸುಮಾರು ಮೂರು ಸಾವಿರ ಕಿಲೊ ಎಂದಿಟ್ಟುಕೊಂಡರೆ ಮಾದರಿ 24 ಕಿಲೊ ತೂಗಬೇಕಿತ್ತು. ಹಗುರವಾದ ಮರದಿಂದ ಕಟ್ಟಿದ್ದರಿಂದ ಅದು ಹತ್ತು ಕಿಲೊ ಮಾತ್ರ ತೂಗುತ್ತಿತ್ತು. ಪೆಟ್ರೋಲ್ ಎಂಜಿನ್ನಿನ ಬದಲು ಅದಕ್ಕಿದ್ದದ್ದು ವಿದ್ಯುತ್ ಮೋಟಾರು. ಲಿಥಿಯಂ ಪಾಲಿಮರ್ ಬ್ಯಾಟರಿಯ 12 ಕೋಶಗಳು ಸಾಲಾಗಿ ಸೇರಿ ಅದಕ್ಕೆ ಶಕ್ತಿ ಒದಗಿಸುತ್ತಿದ್ದವು. ಪೂರ್ತಿ ಚಾರ್ಜ್ ಆದಾಗ ಕೋಶಕ್ಕೆ 4.2 ವೋಲ್ಟಿನಂತೆ ಒಟ್ಟು 50 ವೋಲ್ಟಿಗೂ ತುಸು ಹೆಚ್ಚು.

ವಿಮಾನ ನನ್ನ ಮಿತ್ರರೊಬ್ಬರದು. ಭೌತವಿಜ್ಞಾನದ ನಿವೃತ್ತ ಉಪನ್ಯಾಸಕರು. ಬೆಂಗಳೂರಿನಿಂದ ದೂರದ, ನೀರು ಬತ್ತಿದ ಕೆರೆಯಂಗಳದಲ್ಲಿ ಅದು ಇಳಿಯುವ ಹೊತ್ತಿಗೆ ವೇಗ ಅತಿಯಾಗಿ ತಗ್ಗಿ, ಎಡರೆಕ್ಕೆ ಕುಸಿದು ನೆಲಕ್ಕೆ ಬಡಿಯಿತು. ರೆಕ್ಕೆಯ ಬುಡದ ತೊಲೆ ಮುರಿಯಿತು, ಒಡಲು ಪೈಲಟ್ ಗೂಡಿನ ಹಿಂದೆ ಎರಡು ತುಂಡಾಯಿತು. ಮತ್ತೆ ಕಟ್ಟುವ ಕೆಲಸಕ್ಕೆ ಉಪನ್ಯಾಸಕರು, ಅವರ ನೆರೆಮನೆಯ ಎಂಜಿನಿಯರಿಂಗ್ ವಿದ್ಯಾರ್ಥಿ ಹಾಗೂ ಪೀಠೋಪಕರಣ ಮಾಡುವ ಬಡಗಿಯೊಬ್ಬರು ಕೈಹಾಕಿದರು. ಸರ್ಕಾರಿ ಕಡತಗಳ ನಡುವೆ ಬದುಕು ಸವೆಸಿದ ನನ್ನ ಪಾಲಿಗೆ ಬಂದದ್ದು ಲೆಕ್ಕ ಬರೆಯುವ ಕೆಲಸ.

ಅರ್ಥಶಾಸ್ತ್ರದಲ್ಲಿ ಮುಳುಗಿದ ವೆಚ್ಚ ಎಂಬ ಮಾತಿದೆ. ಖರ್ಚಾಗಿ ಹೋದ ಹಣ ಮುಂದಿನ ತೀರ್ಮಾನವನ್ನು ಕಟ್ಟಿಹಾಕಬಾರದು. ಇನ್ನು ಮುಂದೆ ಏನು ವೆಚ್ಚ, ಏನು ಪ್ರತಿಫಲ ಎಂಬುದನ್ನಷ್ಟೇ ನೋಡಬೇಕು. ಈ ಸೂತ್ರವನ್ನು ಹಿಡಿದೇ ನಾವು ಮೊದಲು ಉಳಿದದ್ದರ ಪಟ್ಟಿ ಮಾಡಿದೆವು. ಮೋಟಾರು, ಅದರ ವೇಗ ನಿಯಂತ್ರಕ, ರೇಡಿಯೊ ರಿಸೀವರ್, ರೆಕ್ಕೆ–ಬಾಲಗಳ ಪಟ್ಟಿಗಳನ್ನು ತಿರುಗಿಸುವ ಸರ್ವೊಗಳು, ಮಡಚಿಕೊಳ್ಳುವ ಚಕ್ರದ ಕಾಲುಗಳು ಎಲ್ಲವೂ ಪರೀಕ್ಷೆಯಲ್ಲಿ ಸರಿಯಿದ್ದವು. ವಿಮಾನದ ಮೂಲ ಬೆಲೆಯಲ್ಲಿ ದೊಡ್ಡ ಪಾಲು ಇವುಗಳದೇ. ಕೆಟ್ಟದ್ದು ಮರ, ಹೊದಿಕೆ ಮತ್ತು ಒಂದು ಬ್ಯಾಟರಿ. ಬ್ಯಾಟರಿಯ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಪೆಟ್ಟು ತಿಂದ ಲಿಥಿಯಂ ಕೋಶ ಗಂಟೆಗಳ ನಂತರವೂ ತಾನೇ ಹೊತ್ತಿಕೊಳ್ಳಬಲ್ಲದು. ಉಬ್ಬಿದ್ದ ಆ ಬ್ಯಾಟರಿಯ ವಿದ್ಯುತ್ತನ್ನು ಪೂರ್ತಿ ಬರಿದುಮಾಡಿ, ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಲಾಯಿತು.

ಮರಗೆಲಸದಲ್ಲಿ ನಾನು ಕಂಡ ವಿಶೇಷವೆಂದರೆ, ಈ ಮಾದರಿಯನ್ನು ಮತ್ತೆ ಕಟ್ಟುವ ಕ್ರಮವೂ ಮೂಲ ವಿಮಾನವನ್ನು ದುರಸ್ತಿ ಮಾಡುತ್ತಿದ್ದ ಕ್ರಮವೂ ಬಹುಮಟ್ಟಿಗೆ ಒಂದೇ ಎಂಬುದು. ಸಿಡ್ನಿ ಕ್ಯಾಮ್ ವಿನ್ಯಾಸಗೊಳಿಸಿದ ಹರಿಕೇನ್ ಮೊದಲು ಹಾರಿದ್ದು 1935ರ ನವೆಂಬರ್ 6ರಂದು. ಅದರ ಒಡಲಿನ ಒಳಗೆ ಲೋಹದ ಕೊಳವೆಗಳ ಚೌಕಟ್ಟು. ಅದರ ಮೇಲೆ ಆಕಾರ ಕೊಡುವ ಮರದ ಅಡ್ಡಚೌಕಗಳು ಮತ್ತು ಉದ್ದ ಪಟ್ಟಿಗಳು. ಹಿಂಭಾಗಕ್ಕೆ ಬಟ್ಟೆಯ ಹೊದಿಕೆ. ಸ್ಪಿಟ್‌ಫೈರ್ ಇದಕ್ಕಿಂತ ಆಧುನಿಕ. ಅದರ ಲೋಹದ ಹೊರಚರ್ಮವೇ ಭಾರವನ್ನು ಹೊರುತ್ತಿತ್ತು. ಆದರೆ ಗುಂಡು ತಗುಲಿದಾಗ ಹಳೆಯ ಶೈಲಿಯ ಹರಿಕೇನೇ ಬೇಗ ರಿಪೇರಿಯಾಗುತ್ತಿತ್ತು. ಗುಂಡು ಬಟ್ಟೆಯನ್ನು ತೂರಿ ಹೋಗುತ್ತಿತ್ತು. ಮುರಿದ ಪಟ್ಟಿ ಬದಲಿಸಿ, ಬಟ್ಟೆಗೆ ತೇಪೆ ಹಾಕಿದರೆ ವಿಮಾನ ಮರಳಿ ಆಕಾಶಕ್ಕೆ ಸಿದ್ಧ.

ನಮ್ಮ ಮಾದರಿಯಲ್ಲೂ ಅಡ್ಡಚೌಕಗಳು ತೆಳು ಪ್ಲೈವುಡ್ಡಿನವು, ಉದ್ದ ಪಟ್ಟಿಗಳು ಬಾಲ್ಸಾ ಮರದವು. ಬಾಲ್ಸಾ ಬಹುಪಾಲು ಈಕ್ವೆಡಾರ್ ದೇಶದಿಂದ ಬರುತ್ತದೆ. ಗಾಳಿಯಂತ್ರಗಳ ರೆಕ್ಕೆಗಳಿಗೂ ಅದೇ ಮರ ಬೇಕಾದ್ದರಿಂದ 2020ರ ಸುಮಾರಿಗೆ ಅದರ ಬೆಲೆ ಏರಿ ಹವ್ಯಾಸಿಗಳು ಪರದಾಡಿದರು. ಎಲ್ಲಿಯದೋ ಬೇಡಿಕೆ ಇನ್ನೆಲ್ಲಿಯದೋ ಬೆಲೆಯನ್ನು ಅಲುಗಿಸುತ್ತದೆಂಬ ಪಾಠಕ್ಕೆ ಇದಕ್ಕಿಂತ ಹಗುರವಾದ ಉದಾಹರಣೆ ಸಿಗಲಾರದು. ಮುರಿದ ಪಟ್ಟಿಗಳ ತುದಿಗಳನ್ನು ನೇರವಾಗಿ ಕತ್ತರಿಸಿ ಅಂಟಿಸಿದರೆ ಜೋಡಣೆ ನಿಲ್ಲುವುದಿಲ್ಲ. ದಪ್ಪದ ಎಂಟು ಪಟ್ಟು ಉದ್ದಕ್ಕೆ ಓರೆಯಾಗಿ ಕೊಯ್ದು ಒಂದರ ಮೇಲೊಂದು ಕೂರಿಸಿದರೆ ಅಂಟು ಹಿಡಿಯುವ ಜಾಗ ಹೆಚ್ಚಿ, ಜೋಡಣೆ ಮರದಷ್ಟೇ ಗಟ್ಟಿಯಾಗುತ್ತದೆ. ವಿದ್ಯಾರ್ಥಿ ಇದನ್ನು ಪಠ್ಯದಲ್ಲಿ ಓದಿದ್ದ, ಬಡಗಿ ಓದಿರಲಿಲ್ಲ. ಉಳಿಯಿಂದ ಮಾಡಿ ತೋರಿಸಿದವರು ಬಡಗಿ.

ಇನ್ನೊಂದು ಕಷ್ಟ ತೂಕದ್ದು. ಹರಿಕೇನಿನ ಮೂತಿ ಗಿಡ್ಡ, ಬಾಲ ಉದ್ದ. ಒಡಲಿನ ಹಿಂಭಾಗದಲ್ಲಿ ರಿಪೇರಿಗೆಂದು ಹತ್ತು ಗ್ರಾಂ ಅಂಟು ಹೆಚ್ಚಾದರೆ, ಸಮತೋಲಕ್ಕಾಗಿ ಮೂತಿಯಲ್ಲಿ ಅದರ ಎರಡು ಮೂರು ಪಟ್ಟು ಸೇರಿಸಬೇಕಾಗುತ್ತದೆ. ಹಾಗಾಗಿ ಪ್ರತಿಯೊಂದು ತುಂಡನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ಅಂಟಿಸುತ್ತಿದ್ದರು. ವಿದ್ಯುತ್ ಮಾದರಿಯ ಒಂದು ಅನುಕೂಲ ಇಲ್ಲಿ ಒದಗಿತು: ಸತ್ತ ಸೀಸದ ಬದಲು ಬ್ಯಾಟರಿಯನ್ನೇ ಮುಂದಕ್ಕೆ ಸರಿಸಿ ಸಮತೋಲ ಸಾಧಿಸಬಹುದು. ರೆಕ್ಕೆಯ ಎರಡು ತುದಿಗಳಿಂದ ಬಾಲದ ತುದಿಗೆ ದಾರ ಹಿಡಿದು ಅಳೆದು, ಎರಡೂ ಸಮವಾಗುವವರೆಗೆ ಅಂಟು ಒಣಗಲು ಬಿಡಲಿಲ್ಲ. ಕೊನೆಗೆ ಬಣ್ಣ. ಮೊದಲಿದ್ದದ್ದು ಬ್ರಿಟಿಷ್ ವಾಯುಪಡೆಯ ಗುರುತು. ವಿದ್ಯಾರ್ಥಿಯ ಹಟದಿಂದ ಈಗ ಬಂದಿರುವುದು ಬರ್ಮಾ ರಣರಂಗದ ಕಡುನೀಲಿ–ತಿಳಿನೀಲಿ ವೃತ್ತ. ಜಪಾನಿನ ಕೆಂಪು ಸೂರ್ಯನೆಂದು ಭ್ರಮಿಸಿ ಸ್ವಂತ ಕಡೆಯವರೇ ಗುಂಡು ಹಾರಿಸದಿರಲೆಂದು ಆ ರಣರಂಗದ ವಿಮಾನಗಳ ಗುರುತಿನಿಂದ ಕೆಂಪನ್ನು ತೆಗೆಯಲಾಗಿತ್ತು. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರ ನೇತೃತ್ವದ ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಹಾರಿಸಿದ್ದು ಇವೇ ಹರಿಕೇನ್‌ಗಳನ್ನು.

ಐದು ತಿಂಗಳ ನಂತರ ವಿಮಾನ ಮತ್ತೆ ಹಾರಿತು. ನನ್ನ ಲೆಕ್ಕದ ಪುಸ್ತಕದಲ್ಲಿ ಮರ, ಅಂಟು, ಹೊದಿಕೆ, ಬಣ್ಣಕ್ಕೆ ಹನ್ನೊಂದು ಸಾವಿರ ರೂಪಾಯಿ ಬಿದ್ದಿದೆ. ಬ್ಯಾಟರಿಯ ಖರ್ಚು ಬೇರೆ. ಹೊಸದಕ್ಕೆ ತಗಲುತ್ತಿದ್ದುದು ಇದರ ಹಲವು ಪಟ್ಟು. ಆದರೆ ಮೂವರೂ ಕೂಡಿ ದುಡಿದ ಸಮಯ ಇನ್ನೂರು ಗಂಟೆಗಳಿಗೆ ಕಡಿಮೆಯಿಲ್ಲ. ಅದಕ್ಕೆ ಪೇಟೆಯ ಕೂಲಿ ಕಟ್ಟಿದರೆ ಉಳಿತಾಯವೆಲ್ಲ ಕರಗಿಹೋಗುತ್ತದೆ. ಹಾಗಿದ್ದರೆ ಮತ್ತೆ ಕಟ್ಟಿದ್ದು ಕೇವಲ ಭಾವುಕತೆಯೇ? ಆ ಗಂಟೆಗಳಿಂದ ಹುಟ್ಟಿದ್ದು ವಿಮಾನವೊಂದೇ ಆಗಿದ್ದರೆ ಹೌದೆನ್ನಬಹುದಿತ್ತು. ಮುರಿದ ರಚನೆಯನ್ನು ಕಂಡು ಬಲ ಯಾವ ಹಾದಿಯಲ್ಲಿ ಹರಿಯಿತು, ಎಲ್ಲಿ ಸೋತಿತು ಎಂದು ಓದಬಲ್ಲ ಒಬ್ಬ ಯುವಕನೂ ಅವುಗಳಿಂದಲೇ ಹುಟ್ಟಿದ್ದಾನೆ. ಈ ಎರಡನೆಯ ಉತ್ಪನ್ನಕ್ಕೆ ನನ್ನ ಪುಸ್ತಕದಲ್ಲಿ ಕಲಮೇ ಇಲ್ಲ.

ದೇಶದ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಹೊಸ ವಸ್ತುವನ್ನು ಕೊಂಡರೆ ತಯಾರಕನ, ಸಾಗಣೆದಾರನ, ವ್ಯಾಪಾರಿಯ ಗಳಿಕೆ ರಾಷ್ಟ್ರೀಯ ಆದಾಯಕ್ಕೆ ಸೇರುತ್ತದೆ. ಮನೆಯಲ್ಲೇ ಕೂತು ಹಳೆಯದನ್ನು ನೆಟ್ಟಗೆ ಮಾಡಿಕೊಂಡರೆ ಆ ದುಡಿಮೆ ಎಲ್ಲೂ ದಾಖಲಾಗುವುದಿಲ್ಲ. ಆದರೆ ಕಷ್ಟಕಾಲದಲ್ಲಿ ರಾಷ್ಟ್ರಗಳು ಈ ಲೆಕ್ಕವನ್ನು ಬೇಗ ತಿದ್ದಿಕೊಳ್ಳುತ್ತವೆ. 1940ರ ಬೇಸಿಗೆಯಲ್ಲಿ ಬ್ರಿಟನ್ ಜರ್ಮನ್ ದಾಳಿಯನ್ನು ಎದುರಿಸುತ್ತಿದ್ದಾಗ, ವಿಮಾನ ಉತ್ಪಾದನಾ ಸಚಿವ ಲಾರ್ಡ್ ಬೀವರ್‌ಬ್ರೂಕ್ ಹೊಸ ವಿಮಾನಗಳಷ್ಟೇ ಗಮನವನ್ನು ಮುರಿದ ವಿಮಾನಗಳಿಗೂ ಕೊಟ್ಟರು. ಆ ವರ್ಷದ ಜುಲೈನಿಂದ ಅಕ್ಟೋಬರ್‌ವರೆಗೆ ಯುದ್ಧವಿಮಾನ ಪಡೆಗೆ ಸೇರಿದ ವಿಮಾನಗಳಲ್ಲಿ ನೂರಕ್ಕೆ ಸುಮಾರು 35 ಹೊಸವಲ್ಲ, ರಿಪೇರಿಯಾದವು. ಆ ಕದನದಲ್ಲಿ ದುರಸ್ತಿಯೇ ಉತ್ಪಾದನೆಯಾಗಿತ್ತು.

ಬೆಂಗಳೂರಿಗೆ ಈ ಪಾಠ ಹೊಸದೇನಲ್ಲ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ವಿಮಾನ ಕಟ್ಟುವ ಕನಸಿನಿಂದ ಹುಟ್ಟಿದ್ದು. ಆದರೆ 1943ರಿಂದ ಅದು ಅಮೆರಿಕದ ಸೇನಾ ವಿಮಾನಗಳನ್ನು ಬಿಚ್ಚಿ, ಶುದ್ಧಿಮಾಡಿ, ಮರುಜೋಡಿಸುವ ದೊಡ್ಡ ರಿಪೇರಿ ಶಾಲೆಯಾಯಿತು. ಯುದ್ಧ ಮುಗಿದಾಗ ಲಿಬರೇಟರ್ ಬಾಂಬರ್ ವಿಮಾನಗಳನ್ನು ಮತ್ತೆ ಯಾರೂ ಬಳಸದಂತೆ ಬೇಕೆಂದೇ ಹಾಳುಗೆಡವಿ ಕಾನ್ಪುರದಲ್ಲಿ ಬಿಟ್ಟುಹೋಗಲಾಗಿತ್ತು. ಅವುಗಳಲ್ಲಿ ನಲವತ್ತಕ್ಕೂ ಹೆಚ್ಚನ್ನು ಹಾರುವಷ್ಟು ಸರಿಮಾಡಿ ಬೆಂಗಳೂರಿಗೆ ತಂದು, ಇಲ್ಲಿಯ ಕೆಲಸಗಾರರು ಪೂರ್ತಿ ಹೊಸ ಜೀವ ಕೊಟ್ಟರು. ಗುಜರಿಯಿಂದ ಎದ್ದುಬಂದ ಆ ವಿಮಾನಗಳು 1948ರಿಂದ 1968ರವರೆಗೆ ನಮ್ಮ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದವು. ಅವುಗಳಲ್ಲಿ ಕೆಲವು ಆಮೇಲೆ ಬ್ರಿಟನ್, ಅಮೆರಿಕ, ಕೆನಡಾಗಳ ವಸ್ತುಸಂಗ್ರಹಾಲಯಗಳನ್ನು ಸೇರಿದವು. ನಮ್ಮವರೇ ವಿನ್ಯಾಸಗೊಳಿಸಿದ ಎಚ್‌ಟಿ–2 ತರಬೇತಿ ವಿಮಾನ 1951ರಲ್ಲಿ ಹಾರಿದಾಗ ಅದರ ಹಿಂದೆ ಈ ರಿಪೇರಿಯ ಕೈಗಳಿದ್ದವು ಎಂಬುದನ್ನು ಮರೆಯಬಾರದು.

ಇದಕ್ಕೆ ವ್ಯತಿರಿಕ್ತವಾದ ಕತೆಯೊಂದು ಬನಾರಸ್ಸಿನದು. 1940ರ ಕದನದಲ್ಲಿ ಹೋರಾಡಿದ್ದ ಆರ್4118 ಸಂಖ್ಯೆಯ ಹರಿಕೇನ್ ಭಾರತಕ್ಕೆ ಬಂದು, 1947ರಲ್ಲಿ ಅಲ್ಲಿಯ ಎಂಜಿನಿಯರಿಂಗ್ ಕಾಲೇಜಿಗೆ ಬೋಧನೆಗೆಂದು ಸಂದಿತು. ಕಾಲಕ್ರಮದಲ್ಲಿ ಅದು ಬಯಲಿನಲ್ಲಿ ಬಿಸಿಲು ಮಳೆಗೆ ಸವೆಯತೊಡಗಿತು. 1982ರಲ್ಲಿ ಅದನ್ನು ಕಂಡ ಬ್ರಿಟನ್ನಿನ ಪೀಟರ್ ವ್ಯಾಚರ್ ಪಟ್ಟುಬಿಡದೆ ಪ್ರಯತ್ನಿಸಿ 2001ರಲ್ಲಿ ಅದನ್ನು ತಮ್ಮ ದೇಶಕ್ಕೆ ಒಯ್ದರು. 2004ರ ಡಿಸೆಂಬರಿನಲ್ಲಿ ಅದು ಮತ್ತೆ ಹಾರಿತು. ಅದು ಹೊರದೇಶಕ್ಕೆ ಹೋಯಿತೆಂದು ನಾನು ಕೊರಗುವುದಿಲ್ಲ. ಅದು ಹುಟ್ಟಿದ್ದೇ ಅಲ್ಲಿ. ಕೊರಗಬೇಕಾದದ್ದು ಬೇರೆ. ದಶಕಗಳ ಕಾಲ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕಣ್ಣೆದುರಿಗಿದ್ದ ವಿಮಾನ ಮತ್ತೆ ಹಾರಬಲ್ಲದೆಂದು ನಂಬಿ ಕೈಹಾಕಿದವರು ಹೊರಗಿನಿಂದ ಬಂದವರು.

ಸರ್ಕಾರಕ್ಕೆ ದುರಸ್ತಿಯ ನೆನಪು ಈಚೆಗೆ ಬಂದಂತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು, ಅದೇ ವರ್ಷದ ಕೊನೆಗೆ ಜಾಲತಾಣವನ್ನೂ ತೆರೆಯಿತು. ಹೊಸ ವಿದ್ಯುನ್ಮಾನ ತ್ಯಾಜ್ಯ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಗೆ ಬಂದಿವೆ. ಬಿಡಿಭಾಗ, ಕೈಪಿಡಿಗಳು ಗ್ರಾಹಕನಿಗೆ ಸಿಗಬೇಕೆಂಬುದು ಸ್ವಾಗತಾರ್ಹ. ಆದರೆ ಹಕ್ಕಿದ್ದರೆ ಸಾಲದು, ಅದನ್ನು ಚಲಾಯಿಸಬಲ್ಲ ಕೈಗಳೂ ಬೇಕು. ಬಿಡಿಭಾಗವನ್ನು ಕಾನೂನು ಕೊಡಿಸಬಹುದು. ಓರೆಯಾಗಿ ಕೊಯ್ಯುವುದನ್ನು ಬಡಗಿಯೇ ಕಲಿಸಬೇಕು.

ಆದ್ದರಿಂದ ಎರಡು ಸಲಹೆಗಳು. ಮೊದಲನೆಯದು, ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಹೊಸ ಮಾದರಿ ಕಟ್ಟಿದ್ದಕ್ಕೆ ಅಂಕ ಕೊಡುವಂತೆಯೇ, ಮುರಿದ ಯಂತ್ರವೊಂದನ್ನು ಪರೀಕ್ಷಿಸಿ, ಕಾರಣ ಬರೆದು, ಮತ್ತೆ ನಡೆಸಿದ್ದಕ್ಕೂ ಅಂಕ ಕೊಡಲಿ. ಆ ತರಗತಿಗೆ ಊರಿನ ಬಡಗಿ, ಫಿಟ್ಟರ್, ವೈಂಡಿಂಗ್ ಕೆಲಸದವರನ್ನು ಗೌರವಧನ ಕೊಟ್ಟು ಕರೆಸಲಿ. ಎರಡನೆಯದು ಜಾಗದ್ದು. 2021ರ ಡ್ರೋನ್ ನಿಯಮಗಳು 25 ಕಿಲೊ ಮೀರದ, ಶಿಕ್ಷಣ ಅಥವಾ ಹವ್ಯಾಸಕ್ಕಾಗಿ ಕಣ್ಣಳತೆಯೊಳಗೆ ಹಾರಿಸುವ ಮಾದರಿಗಳಿಗೆ ಟೈಪ್ ಸರ್ಟಿಫಿಕೇಟಿನ ಅಗತ್ಯವಿಲ್ಲವೆಂದಿವೆ. ಆದರೆ ಕೆಂಪೇಗೌಡ ನಿಲ್ದಾಣ, ಎಚ್‌ಎಎಲ್, ಯಲಹಂಕ, ಜಕ್ಕೂರುಗಳ ನಡುವಣ ಈ ನಗರದಲ್ಲಿ ಹತ್ತು ಕಿಲೊ ವಿಮಾನವನ್ನು ಯಾರಿಗೂ ಅಪಾಯವಾಗದಂತೆ ಹಾರಿಸಲು ಬಯಲೆಲ್ಲಿದೆ? ನಿಷಿದ್ಧ ವಲಯಗಳ ಆಚೆ, ಸರ್ಕಾರಿ ಭೂಮಿಯಲ್ಲಿ ಒಂದು ಬಯಲನ್ನು ಗುರುತಿಸಿ ವಿದ್ಯಾರ್ಥಿಗಳಿಗೂ ಹವ್ಯಾಸಿಗಳಿಗೂ ವಾರಕ್ಕೊಂದು ದಿನ ಬಿಟ್ಟುಕೊಟ್ಟರೆ ಖಜಾನೆಗೆ ಹೊರೆಯಾಗದು.

ಎಲ್ಲವನ್ನೂ ರಿಪೇರಿ ಮಾಡಲೇಬೇಕೆಂಬ ಹಟ ನನ್ನದಲ್ಲ. ಉಬ್ಬಿದ ಬ್ಯಾಟರಿಯನ್ನು ನಾವೂ ಬಿಟ್ಟುಕೊಟ್ಟೆವು. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂದು ತೂಗಿನೋಡುವ ಶಕ್ತಿಯನ್ನೇ ಕಳೆದುಕೊಂಡ ಸಮಾಜ ಅಂಗಡಿಯವನು ಹೇಳಿದ್ದನ್ನು ನಂಬಲೇಬೇಕಾಗುತ್ತದೆ. ಕಾನ್ಪುರದ ಗುಜರಿಯಿಂದ ವಾಯುಪಡೆಗೆ ಬಾಂಬರ್‌ಗಳನ್ನು ಕಟ್ಟಿಕೊಟ್ಟ ಊರಿಗೆ ಆ ಸ್ಥಿತಿ ಬರಬಾರದು.