ಸಂಬಳ ಕೈಗೆ ಬರುವ ಮುನ್ನವೇ ಬಾಡಿಗೆ!

ಒಂದನೇ ತಾರೀಕು ಬಾಗಿಲು ತಟ್ಟುವ ತಾಪತ್ರಯ ಯಾಕೆ, ಬಾಡಿಗೆದಾರನ ಸಂಬಳದಲ್ಲೇ ಮುರಿಸಿಕೊಂಡರಾಯ್ತು ಅನ್ನುವ ಮನೆ ಮಾಲೀಕರುಂಟು. ಸ್ವಾಮಿ, ಅದು ಅಷ್ಟು ಸಲೀಸಲ್ಲ!

1936ರ ವೇತನ ಪಾವತಿ ಕಾಯ್ದೆಯೂ, ಅದರ ಜಾಗಕ್ಕೆಂದೇ ತಂದ 2019ರ ವೇತನ ಸಂಹಿತೆಯೂ ಹೇಳುವುದು ಒಂದೇ ಮಾತು: ಕೆಲಸ ಕೊಟ್ಟ ಧಣಿ, ಸರ್ಕಾರ ಇಲ್ಲವೇ ಗೃಹಮಂಡಳಿ ಕೊಟ್ಟ ಮನೆಗಷ್ಟೇ ಸಂಬಳದಲ್ಲಿ ಬಾಡಿಗೆ ಹಿಡಿಯಬಹುದು. ಅದೂ ನೌಕರ ಆ ಮನೆ ಒಪ್ಪಿಕೊಂಡಿದ್ದರೆ ಮಾತ್ರ. ಮನೆಗೆ ತಕ್ಕದ್ದಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಸಂಹಿತೆ ಪ್ರಕಾರ ಎಲ್ಲ ಕಡಿತ ಸೇರಿದರೂ ಸಂಬಳದ ಶೇ. 50 ದಾಟಕೂಡದು. ಅಂಗಡಿ ಹುಡುಗನಿಗೆ ಹಿಂದಿನ ಕೋಣೆ ಕೊಟ್ಟ ಸಾಹುಕಾರರಿಗೂ ಇದೇ ಕಟ್ಟಳೆ.

ಖಾಸಗಿ ಮಾಲೀಕರ ಹೆಸರು ಆ ಪಟ್ಟಿಯಲ್ಲಿಲ್ಲ. ಬೇಕಿದ್ದರೆ ಬಾಡಿಗೆದಾರನೇ ಬ್ಯಾಂಕಿಗೆ ಬರೆದುಕೊಟ್ಟು ತಿಂಗಳು ತಿಂಗಳು ಹಣ ಹೋಗುವಂತೆ ಮಾಡಬಹುದು; ನಿಲ್ಲಿಸುವುದೂ ಅವನ ಕೈಲೇ.

ಸಂಬಳದ ಚೀಟಿಯನ್ನು ಬಸ್ ಟಿಕೆಟಿನ ಹಾಗೆ ಮಡಚಿ ಜೇಬಿಗಿಳಿಸುವ ಮುಂಚೆ ಕಡಿತದ ಕಾಲಂ ಒಮ್ಮೆ ಓದಿ ನೋಡಿ.