ಆ ಟಿಕ್ ಗುರುತು ಹಾಕಿದವರು ಯಾರು?

ಕಳೆದ ದಸರೆಗೆ ಮೈಸೂರಿಗೆ ಹೊರಟಿದ್ದ ನನ್ನ ಸೋದರಮಾವ ಜಾಲತಾಣವೊಂದರಲ್ಲಿ ಬಸ್ ಟಿಕೆಟ್ ಕಾದಿರಿಸಿದರು. ಹಣ ಕಟ್ಟಿದ ಮೇಲೆ ನೋಡಿದರೆ ಮೊತ್ತ ಎಪ್ಪತ್ತೈದು ರೂಪಾಯಿ ಹೆಚ್ಚು. ಪ್ರಯಾಣ ವಿಮೆ, ಯಾವುದೋ ನಿಧಿಗೆ ದೇಣಿಗೆ ಎರಡೂ ಸದ್ದಿಲ್ಲದೆ ಸೇರಿಕೊಂಡಿದ್ದವು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ, ದಿನಸಿ ಅಂಗಡಿಯ ಚೀಟಿಯನ್ನು ಪೈಸೆಯವರೆಗೂ ಕೂಡಿ ನೋಡುವ ಮನುಷ್ಯ ಅವರು. ‘ನನಗೇ ವಯಸ್ಸಾಯಿತು ಕಣೋ’ ಎಂದು ಹೇಳಿದ್ದು ನನ್ನನ್ನು ಚುಚ್ಚಿತು. ಏಕೆಂದರೆ, ಬಹುಕಾಲ ಜಾಲತಾಣಗಳ ವಿನ್ಯಾಸವನ್ನೇ ವೃತ್ತಿಯಾಗಿಸಿಕೊಂಡಿದ್ದ ನಾನು, ಗ್ರಾಹಕನ ಪರವಾಗಿ ಮೊದಲೇ ಟಿಕ್ ಗುರುತು ಹಾಕಿಟ್ಟ ಅಂಥ ಚೌಕಗಳನ್ನು ಜೋಡಿಸಿದವನೇ.

ಮೊದಲೇ ಗುರುತು ಮಾಡಿಟ್ಟ ಆಯ್ಕೆಯನ್ನು ಮನುಷ್ಯ ಬದಲಿಸುವುದು ಅಪರೂಪ. ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಂಗದಾನದ ಸಮ್ಮತಿಯ ವಿಷಯದಲ್ಲಿ ತೋರಿಸಿಕೊಟ್ಟಿತು. ದಾನಿಯಾಗಲು ತಾನೇ ಮುಂದೆ ಬಂದು ಒಪ್ಪಿಗೆ ನೀಡಬೇಕಿದ್ದ ಜರ್ಮನಿಯಲ್ಲಿ ಸಮ್ಮತಿ ಶೇ 12. ಬೇಡವೆನ್ನುವವರಷ್ಟೇ ತಿಳಿಸಬೇಕಿದ್ದ ನೆರೆಯ ಆಸ್ಟ್ರಿಯಾದಲ್ಲಿ ಶೇ 99.98. ಎರಡು ದೇಶಗಳ ಜನರ ಕರುಣೆಯಲ್ಲಿ ಇಷ್ಟು ಅಂತರ ಇರಲಾರದು. ನಮ್ಮ ಕಚೇರಿಯಲ್ಲಿ ಈ ಅಧ್ಯಯನವನ್ನು ಓದಿದ್ದು ಜೀವ ಉಳಿಸುವುದಕ್ಕಲ್ಲ, ವಿಮೆ ಮಾರುವುದಕ್ಕೆ!

ತಳ್ಳಬೇಕೋ ಎಳೆಯಬೇಕೋ ತಿಳಿಯದ ಬಾಗಿಲಿನ ಮುಂದೆ ಎಡವುವವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ, ತಪ್ಪು ಮಾತ್ರ ವಿನ್ಯಾಸದ್ದು ಎಂದು ಡೊನಾಲ್ಡ್ ನಾರ್ಮನ್ 1988ರಷ್ಟು ಹಿಂದೆಯೇ ಬರೆದಿದ್ದರು. ಮಾವನ ಬಾಗಿಲಿನಲ್ಲಿದ್ದದ್ದು ಅಚಾತುರ್ಯವಲ್ಲ, ಉದ್ದೇಶ. ಇಂಥ ತಂತ್ರಗಳಿಗೆ 2010ರಲ್ಲಿ ಹ್ಯಾರಿ ಬ್ರಿಗ್ನಲ್ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ 13 ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಕೇಳದ ದೇಣಿಗೆಯನ್ನು ಬಿಲ್ಲಿಗೆ ತುರುಕುವುದು ಅದರಲ್ಲಿ ಸ್ಪಷ್ಟವಾಗಿಯೇ ಇದೆ. ಆದರೆ ಎಪ್ಪತ್ತೈದು ರೂಪಾಯಿಗಾಗಿ ದೂರು ಕೊಡಲು ಯಾರು ಹೋಗುತ್ತಾರೆ? ವಿನ್ಯಾಸಕಾರನ ಲೆಕ್ಕದಲ್ಲಿ ಇದೂ ಸೇರಿರುತ್ತದೆ.

ಮೊನ್ನೆ ಮಾವ ಮತ್ತೆ ಟಿಕೆಟ್ ಕಾದಿರಿಸಲು ಕುಳಿತಾಗ ನಾನು ಪಕ್ಕದಲ್ಲಿದ್ದೆ. ಈ ಬಾರಿ ಚೌಕ ಖಾಲಿ; ಕೆಳಗೆ ಎರಡು ಗುಂಡಿಗಳು. ಹಸಿರು ಬಣ್ಣದ ದೊಡ್ಡದರ ಮೇಲೆ ‘ಸುರಕ್ಷಿತವಾಗಿ ಪ್ರಯಾಣಿಸುವೆ’, ಮಸುಕಾದ ಸಣ್ಣದರ ಮೇಲೆ ‘ಅಪಾಯವಾದರೂ ಸರಿ’. ಹೀಗೆ ನಾಚಿಸಿ ಒಪ್ಪಿಸುವುದೂ ಆ 13ರಲ್ಲಿ ಒಂದು. ಮಾವ ಕನ್ನಡಕ ಸರಿಪಡಿಸಿಕೊಂಡು ಎರಡನ್ನೂ ಓದಿದರು. ಬೆರಳು ಸಣ್ಣ ಗುಂಡಿಯ ಮೇಲೆ ಅಳುಕುತ್ತ ನಿಂತಿತು.

‘ಬೇಡ ಅನ್ನೋದಕ್ಕೂ ಇಷ್ಟು ಹೆದರಿಸಬೇಕೇನೋ?’ ಎಂದು ನನ್ನನ್ನೇ ಕೇಳಿದರು.