ಬಣ್ಣ ಗುರುತಿಸುವ ಯಂತ್ರ ಮತ್ತು ರೇಡಿಯೋ ಅಡಚಣೆ: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು



ಕಾಫಿ ಬೀಜದಲ್ಲಿ ಕಪ್ಪು, ಕಂದು, ಹುಳುಕು ಬೀಜಗಳನ್ನು ಕ್ಯಾಮೆರಾದಿಂದ ಗುರುತಿಸಿ ಹೊರತಳ್ಳುವ ಯಂತ್ರಗಳು ಬಹುಕಾಲ ದೊಡ್ಡ ಕ್ಯೂರಿಂಗ್ ವರ್ಕ್ಸ್‌ಗಳ ಸೊತ್ತಾಗಿದ್ದವು. ಅಕ್ಕಿ ಗಿರಣಿಯವರು ಇದೇ ಜಾತಿಯ ಯಂತ್ರವನ್ನು ಸಾರ್ಟೆಕ್ಸ್ ಎನ್ನುವುದನ್ನು ಕೆ.ಆರ್. ನಗರದ ಕಡೆಯವರು ಬಲ್ಲರು. ಈಗ ಒಂದೇ ಚ್ಯೂಟಿನ ಸಣ್ಣ ಯಂತ್ರಗಳೂ ಮಾರಾಟಕ್ಕೆ ಬಂದಿವೆ. ಕಾಫಿಗೂ ಸುಲಿದ ಅಡಿಕೆಗೂ ಒಂದೇ ಯಂತ್ರ ಸಾಕೆಂದು ಮಾರುವವರು ಹೇಳುತ್ತಾರೆ. ನಾಲ್ಕೈದು ಮಂದಿ ಸೇರಿ ಕೊಳ್ಳಬಹುದೇ ಎಂದು ಹಲವು ಸದಸ್ಯರು ನನ್ನನ್ನು ವಿಚಾರಿಸಿದ್ದಾರೆ.

ಗಂಟೆಗೆ ಎಷ್ಟು ಕೆ.ಜಿ., ಬೆಲೆ ಎಷ್ಟು, ಎಷ್ಟು ಯೂನಿಟ್ ವಿದ್ಯುತ್ ಎಂಬುದನ್ನು ಮಾರುವವನೇ ಹೇಳುತ್ತಾನೆ. ಯಂತ್ರದ ಬೆನ್ನಿಗಿರುವ ಸಣ್ಣ ಫಲಕದ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ಆ ಫಲಕಕ್ಕೂ ನಮ್ಮ ತೂಕದ ತಕ್ಕಡಿಗೂ ಸಂಬಂಧವಿದೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಗೋದಾಮಿನಲ್ಲಿ ನಡೆದದ್ದು

ಕಳೆದ ಹಂಗಾಮಿನಲ್ಲಿ ಇಂಥ ಒಂದು ಯಂತ್ರವನ್ನು ಪರೀಕ್ಷೆಗಾಗಿ ನಮ್ಮ ಗೋದಾಮಿಗೆ ತರಿಸಿದ್ದೆವು. ಮೊದಲ ವಾರ ಚೆನ್ನಾಗಿಯೇ ನಡೆಯಿತು. ಎರಡನೆಯ ವಾರ ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿಗಳು ಒಂದೆಡೆ ನಿಲ್ಲದಾದವು. 50 ಕೆ.ಜಿ. ಚೀಲ ಇಟ್ಟರೆ ಒಮ್ಮೆ 200 ಗ್ರಾಂ ಹೆಚ್ಚು, ಒಮ್ಮೆ 200 ಗ್ರಾಂ ಕಡಿಮೆ. ಪಕ್ಕದ ಮನೆಯ ಅಜ್ಜಿ ಬಂದು, ಬೆಳಗಿನ ಹೊತ್ತು ಮೈಸೂರು ಆಕಾಶವಾಣಿ ಬರೀ ಗರಗರ ಎನ್ನುತ್ತದೆ, ನಿಮ್ಮ ಮಿಷನ್ ನಿಂತರೆ ಸರಿಹೋಗುತ್ತದೆ ಎಂದು ಹೇಳಿದರು. ತಕ್ಕಡಿ ಕೆಟ್ಟಿದೆ ಎಂದುಕೊಂಡಿದ್ದ ನಮಗೆ ಕಣ್ಣು ತೆರೆಸಿದವರು ಅವರೇ.

200 ಗ್ರಾಂ ಎಂದರೆ ಸಣ್ಣ ಮಾತೆಂದು ತೋರಬಹುದು. ನೂರು ಚೀಲಕ್ಕೆ ಅದು 20 ಕೆ.ಜಿ. ಆಗುತ್ತದೆ. ಬೆಳೆಗಾರನಿಗೆ ನಷ್ಟವಾದರೂ ತಪ್ಪೇ, ಸಂಘಕ್ಕೆ ನಷ್ಟವಾದರೂ ತಪ್ಪೇ. ಎಲ್ಲಕ್ಕಿಂತ ಮಿಗಿಲಾಗಿ, ತಕ್ಕಡಿಯ ಮೇಲಿನ ನಂಬಿಕೆ ಹೋದರೆ ಸಂಘವೇ ಉಳಿಯುವುದಿಲ್ಲ.

ಕಾರಣ ಹುಡುಕಿದಾಗ ತಪ್ಪು ನಮ್ಮದೇ ಎಂದು ತಿಳಿಯಿತು. ಕ್ಯಾಮೆರಾದಿಂದ ಬರುವ ಕೇಬಲನ್ನು ಇಲಿ ಕಡಿದಿತ್ತು. ಹುಡುಗರು ಪೇಟೆಯಿಂದ ಸಾಮಾನ್ಯ ಕೇಬಲ್ ತಂದು ಜೋಡಿಸಿ ಕೆಲಸ ನಡೆಸಿದ್ದರು. ಚಿತ್ರ ಬಂತು, ಯಂತ್ರ ಓಡಿತು, ಯಾರೂ ಅನುಮಾನಿಸಲಿಲ್ಲ. ಮೂಲ ಕೇಬಲಿನ ಮೇಲಿದ್ದ ಹೆಣೆದ ತಾಮ್ರದ ಹೊದಿಕೆ, ಅಂದರೆ ಷೀಲ್ಡ್, ಹೊಸ ಕೇಬಲಿನಲ್ಲಿ ಇರಲಿಲ್ಲ.

ಯಂತ್ರದ ಒಳಗೆ ಏನಿದೆ?

ಮೇಲಿನ ಹಾಪರಿನಿಂದ ಬೀಜ ಕಂಪಿಸುವ ತಟ್ಟೆಗೆ ಬಿದ್ದು, ಇಳಿಜಾರಿನ ಚ್ಯೂಟಿನಲ್ಲಿ ತೆಳುವಾಗಿ ಜಾರಿ, ಎಲ್.ಇ.ಡಿ. ಬೆಳಕಿನ ಮುಂದೆ ಹಾದುಹೋಗುತ್ತದೆ. ಅಲ್ಲಿ ಕ್ಯಾಮೆರಾ ಅದನ್ನು ನೋಡುತ್ತದೆ. ಹಿಂದಿರುವ ಗಣಕ ಬೀಜ ಒಳ್ಳೆಯದೋ ಕೆಟ್ಟದ್ದೋ ಎಂದು ನಿರ್ಧರಿಸುತ್ತದೆ. ಕೆಟ್ಟದ್ದಾದರೆ ಸೊಲೆನಾಯ್ಡ್ ವಾಲ್ವ್ ಕ್ಷಣಮಾತ್ರ ತೆರೆದು, ಕಂಪ್ರೆಸರಿನ ಗಾಳಿ ಆ ಒಂದು ಬೀಜವನ್ನು ಬೇರೆ ತೊಟ್ಟಿಗೆ ಊದುತ್ತದೆ.

ಈ ಕ್ಯಾಮೆರಾ ಮದುವೆ ಮನೆಯ ಕ್ಯಾಮೆರಾದಂತೆ ಇಡೀ ಚಿತ್ರವನ್ನು ಒಮ್ಮೆಗೆ ತೆಗೆಯುವುದಿಲ್ಲ. ಬೆಳಕನ್ನು ವಿದ್ಯುತ್ತಾಗಿಸುವ ಸಣ್ಣ ಕೋಶಗಳು ಇದರಲ್ಲಿ ಒಂದೇ ಸಾಲಿನಲ್ಲಿವೆ. ಇಂಥ ಸಂವೇದಕಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಸಿ.ಸಿ.ಡಿ.ಯನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಕಂಡುಹಿಡಿದರು. ಅದಕ್ಕಾಗಿ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಬಂತು. ಈಚಿನ ಯಂತ್ರಗಳಲ್ಲಿ ಸಿ-ಮಾಸ್ ಎಂಬ ಸಂವೇದಕವೂ ಇರುತ್ತದೆ.

ಒಂದು ಲೆಕ್ಕ ನೋಡೋಣ. ಬೀಜ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬೀಳುತ್ತಿದ್ದು, 0.2 ಮಿಲಿಮೀಟರಿಗೊಂದು ಗೆರೆಯಂತೆ ನೋಡಬೇಕಾದರೆ ಸೆಕೆಂಡಿಗೆ 15,000 ಗೆರೆ ಬೇಕು. ಗೆರೆಗೆ 2,048 ಕೋಶಗಳಿದ್ದರೆ ಸೆಕೆಂಡಿಗೆ ಮೂರು ಕೋಟಿಗೂ ಮಿಕ್ಕಿ ಚುಕ್ಕೆಗಳ ಮಾಹಿತಿ ಕೇಬಲಿನಲ್ಲಿ ಹರಿಯುತ್ತದೆ. ನಮ್ಮ ತೊಂದರೆಯ ಮೂಲ ಈ ವೇಗದಲ್ಲಿದೆ.

ಯಂತ್ರವೇ ರೇಡಿಯೋ ಕೇಂದ್ರವಾಗುವ ಬಗೆ

ತಂತಿಯಲ್ಲಿ ವಿದ್ಯುತ್ತು ಅತಿ ವೇಗವಾಗಿ ಏರಿಳಿದರೆ ಆ ತಂತಿಯಿಂದ ರೇಡಿಯೋ ಅಲೆ ಹೊರಡುತ್ತದೆ. ಆಕಾಶವಾಣಿಯ ಕಂಬದಿಂದ ಅಲೆ ಹೊರಡುವುದೂ ಇದೇ ನಿಯಮದಿಂದ. ಯಂತ್ರದೊಳಗಿನ ಗಡಿಯಾರ ಸಂಕೇತ 25 ಮೆಗಾಹರ್ಟ್ಸ್ ಇದ್ದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವರ್ತನಗಳಲ್ಲೂ ಅದರ ಮರಿಗಳು ಹುಟ್ಟುತ್ತವೆ. 25ರ ನಾಲ್ಕರಷ್ಟು 100. ಮೈಸೂರು ಆಕಾಶವಾಣಿಯ ಎಫ್.ಎಂ. ಇರುವುದು 100.6ರಲ್ಲಿ, ಅಂದರೆ ಪಕ್ಕದ ಮನೆಯಲ್ಲೇ. ಮಾಹಿತಿ ಹರಿಯುವಾಗ ಈ ಸಂಕೇತಗಳು ಅಕ್ಕಪಕ್ಕಕ್ಕೂ ಚೆಲ್ಲುತ್ತವೆ. ಹುಣಸೂರು ದಾಟಿದ ಮೇಲೆ ಮೈಸೂರಿನ ಅಲೆ ಕ್ಷೀಣವಾಗಿರುವುದರಿಂದ ಹತ್ತಿರದ ಯಂತ್ರದ ಗದ್ದಲವೇ ಗೆಲ್ಲುತ್ತದೆ.

25ರ ಆರರಷ್ಟು 150. ವಿ.ಎಚ್.ಎಫ್. ವಾಕಿಟಾಕಿಗಳು ಸಾಮಾನ್ಯವಾಗಿ 136ರಿಂದ 174 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತವೆ. ನಾಗರಹೊಳೆಯ ಅಂಚಿನ ಊರುಗಳಲ್ಲಿ ಆನೆ ಇಳಿದ ರಾತ್ರಿ ವೈರ್‌ಲೆಸ್ಸಿನ ಒಂದು ಮಾತು ಎಷ್ಟು ಮುಖ್ಯವೆಂಬುದನ್ನು ನಾನು ಹೇಳಬೇಕಾಗಿಲ್ಲ.

100 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರ್. ಅದರ ಕಾಲು ಭಾಗ, 75 ಸೆಂಟಿಮೀಟರ್ ಉದ್ದದ ತಂತಿ ಆ ಅಲೆಗೆ ಒಳ್ಳೆಯ ಏರಿಯಲ್. ಕ್ಯಾಮೆರಾ ಕೇಬಲ್ ಹೆಚ್ಚುಕಡಿಮೆ ಅಷ್ಟೇ ಉದ್ದವಿರುತ್ತದೆ. ಷೀಲ್ಡ್ ಇದ್ದರೆ ಅಲೆ ಒಳಗೇ ಉಳಿಯುತ್ತದೆ, ಇಲ್ಲದಿದ್ದರೆ ಹೊರಗೆ ಹೊರಡುತ್ತದೆ.

ಗದ್ದಲ ವಿದ್ಯುತ್ ತಂತಿಯಲ್ಲೂ ಪಯಣಿಸುತ್ತದೆ. ಎಲ್.ಇ.ಡಿ. ದೀಪದ ಸ್ವಿಚಿಂಗ್ ಸಪ್ಲೈ ಮತ್ತು ಮೋಟಾರಿನ ವೇಗ ಬದಲಿಸುವ ಡ್ರೈವ್ ಇದರಲ್ಲಿ ಮುಖ್ಯ ಅಪರಾಧಿಗಳು. ತಕ್ಕಡಿಯ ಲೋಡ್ ಸೆಲ್ ಪೂರ್ಣ ಭಾರಕ್ಕೆ ಕೊಡುವ ಸಂಕೇತ 10ರಿಂದ 20 ಮಿಲಿವೋಲ್ಟ್ ಮಾತ್ರ. 300 ಕೆ.ಜಿ. ತಕ್ಕಡಿಯಲ್ಲಿ 200 ಗ್ರಾಂ ಎಂದರೆ ಸುಮಾರು ಒಂದು ವೋಲ್ಟಿನ ಲಕ್ಷದಲ್ಲೊಂದು ಭಾಗ. ಅಷ್ಟು ಸೂಕ್ಷ್ಮ ಸಂಕೇತವನ್ನು ಕದಡಲು ಹೆಚ್ಚು ಗದ್ದಲ ಬೇಕಿಲ್ಲ. ಮಾಯಿಶ್ಚರ್ ಮೀಟರಿಗೂ ಇದೇ ಮಾತು. ರೊಬಸ್ಟಾ ಚೆರ್ರಿ ಶೇ. 11ಕ್ಕೆ ಒಣಗಿದೆಯೇ ಇಲ್ಲವೇ ಎಂಬುದನ್ನು ನಾವು ನಿರ್ಧರಿಸುವುದು ಆ ಮೀಟರಿನಿಂದಲೇ.

ಎ ವರ್ಗ ಮತ್ತು ಬಿ ವರ್ಗ

ಈ ಗದ್ದಲ ಎಷ್ಟಿರಬಹುದೆಂಬ ಮಿತಿಗಳನ್ನು ಸಿಸ್ಪರ್ ಎಂಬ ಅಂತರರಾಷ್ಟ್ರೀಯ ಸಮಿತಿ ಸೂಚಿಸುತ್ತದೆ. 1934ರಿಂದ ಅದರ ಕೆಲಸವೇ ಇದು. ಯುರೋಪಿನ ಮತ್ತು ನಮ್ಮ ದೇಶದ ಮಾನಕಗಳು ಇದನ್ನೇ ಬಹುಮಟ್ಟಿಗೆ ಅನುಸರಿಸುತ್ತವೆ. ನಮ್ಮಲ್ಲಿ ಐ.ಎಸ್. 6873 ಸರಣಿ ಈ ವಿಷಯದ್ದು. ಅಮೆರಿಕದಲ್ಲಿ ಎಫ್.ಸಿ.ಸಿ. ನಿಯಮಗಳ 15ನೇ ಭಾಗವಿದೆ.

ಎಲ್ಲದರಲ್ಲೂ ಎರಡು ವರ್ಗಗಳಿವೆ. ಎ ವರ್ಗ ಕಾರ್ಖಾನೆಗೆ, ಬಿ ವರ್ಗ ಮನೆಗೆ. ಸಿಸ್ಪರ್ ಪ್ರಕಾರ 30ರಿಂದ 230 ಮೆಗಾಹರ್ಟ್ಸ್ ವರೆಗೆ, 10 ಮೀಟರ್ ದೂರದಲ್ಲಿ ಅಳೆದಾಗ ಎ ವರ್ಗದ ಯಂತ್ರ ಮೀಟರಿಗೆ 100 ಮೈಕ್ರೋವೋಲ್ಟ್ ವರೆಗೆ ಸೂಸಬಹುದು. ಬಿ ವರ್ಗದ್ದು ಸುಮಾರು 32 ಮಾತ್ರ. ಅಂದರೆ ಕಾರ್ಖಾನೆಯ ಯಂತ್ರಕ್ಕೆ ಮೂರು ಪಟ್ಟು ಸಲುಗೆ. ಕಾರ್ಖಾನೆ ಮನೆಗಳಿಂದ ದೂರವಿರುತ್ತದೆ, ಅದಕ್ಕೆ ಬೇರೆ ಟ್ರಾನ್ಸ್‌ಫಾರ್ಮರ್ ಇರುತ್ತದೆ ಎಂಬ ನಂಬಿಕೆಯಿಂದ ಈ ಸಲುಗೆ ಕೊಟ್ಟಿದ್ದಾರೆ. ಮನೆಗಳಿಗೆ ವಿದ್ಯುತ್ ಒದಗಿಸುವ ಮಾರ್ಗಕ್ಕೇ ನೇರವಾಗಿ ಸೇರಿದ ಜಾಗಕ್ಕೆ ಎ ವರ್ಗ ತಕ್ಕದ್ದಲ್ಲವೆಂದು ಮಾನಕವೇ ಹೇಳುತ್ತದೆ.

ಈಗ ನಮ್ಮ ಸ್ಥಿತಿ ನೋಡಿ. ಸಣ್ಣ ಬೆಳೆಗಾರನ ಕಣ ಮನೆಯ ಮುಂದೆಯೇ ಇದೆ. ಮನೆ, ಪಂಪ್‌ಸೆಟ್, ಪಲ್ಪರ್, ಅಡಿಕೆ ಸುಲಿಯುವ ಯಂತ್ರ, ಪಕ್ಕದವರ ಮನೆ, ಎಲ್ಲಕ್ಕೂ ಬಹಳ ಕಡೆ ಒಂದೇ ಟ್ರಾನ್ಸ್‌ಫಾರ್ಮರ್. ನಮ್ಮ ಅಂಗಳ ಕಾರ್ಖಾನೆಯೂ ಹೌದು, ಮನೆಯೂ ಹೌದು. ಆದರೆ ಉದ್ಯಮಕ್ಕೆಂದು ಮಾರುವ ಬಹುತೇಕ ಕ್ಯಾಮೆರಾ ಯಂತ್ರಗಳು ಎ ವರ್ಗದವು. ಎ ವರ್ಗದ ಯಂತ್ರ ಕೊಳ್ಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಕೊಂಡರೆ ಎಚ್ಚರಿಕೆಯ ಹೊಣೆ ನಮ್ಮ ಮೇಲೆ ಬೀಳುತ್ತದೆ ಎಂಬುದನ್ನು ಅರಿತು ಕೊಳ್ಳಬೇಕು.

ಕೇಳಬೇಕಾದ ಕಾಗದಗಳು

1. ಸಿ.ಇ. ಗುರುತು ಇದೆ ಎಂದಷ್ಟಕ್ಕೇ ತೃಪ್ತರಾಗಬೇಡಿ. ಇಂಥ ಯಂತ್ರಗಳ ವಿಷಯದಲ್ಲಿ ಅದು ಸಾಮಾನ್ಯವಾಗಿ ತಯಾರಕನೇ ಮಾಡಿಕೊಳ್ಳುವ ಘೋಷಣೆ. ಆ ಘೋಷಣಾ ಪತ್ರದ ಪ್ರತಿ ಕೇಳಿ. ಅದರಲ್ಲಿ ನಿಮ್ಮ ಯಂತ್ರದ ಮಾದರಿ ಸಂಖ್ಯೆ ಮತ್ತು ಮಾನಕದ ಸಂಖ್ಯೆ ಇರಬೇಕು. ಹೊರಸೂಸುವಿಕೆಗೆ 61000-6-4 ಎಂದಿದ್ದರೆ ಕಾರ್ಖಾನೆಯ ಮಿತಿ, 61000-6-3 ಎಂದಿದ್ದರೆ ವಸತಿ ಪ್ರದೇಶದ ಮಿತಿ. 61000-6-2 ಎಂಬುದು ಹೊರಗಿನ ಗದ್ದಲವನ್ನು ಯಂತ್ರ ತಡೆದುಕೊಳ್ಳುವ ಶಕ್ತಿಗೆ ಸಂಬಂಧಿಸಿದ್ದು.

2. ಪ್ರಮಾಣಪತ್ರ ಇಡೀ ಯಂತ್ರದ್ದೋ, ಒಳಗಿನ ಕ್ಯಾಮೆರಾದ್ದೋ ಎಂದು ವಿಚಾರಿಸಿ. ಒಳ್ಳೆಯ ಕ್ಯಾಮೆರಾ, ಒಳ್ಳೆಯ ಪವರ್ ಸಪ್ಲೈ, ಒಳ್ಳೆಯ ಡ್ರೈವ್ ಸೇರಿದ ಮಾತ್ರಕ್ಕೆ ಒಟ್ಟು ಯಂತ್ರ ಮಿತಿಯೊಳಗೆ ಇರುತ್ತದೆಂಬ ಖಾತರಿ ಇಲ್ಲ.

3. ಪರೀಕ್ಷಾ ವರದಿ ಇದ್ದರೆ ಯಾವ ಕೇಬಲ್, ಎಷ್ಟು ಉದ್ದದ್ದು ಬಳಸಿದ್ದರೆಂದು ನೋಡಿ. ಆ ಫಲಿತಾಂಶ ಆ ಕೇಬಲಿಗೆ ಮಾತ್ರ ಸಲ್ಲುತ್ತದೆ. ನಾವು ಕೇಬಲ್ ಬದಲಿಸಿದ ದಿನವೇ ನಮ್ಮ ಯಂತ್ರದ ಕಾಗದ ಬರೀ ಕಾಗದವಾಯಿತು. ಬದಲಿ ಕೇಬಲ್ ಒಂದನ್ನು ಯಂತ್ರದ ಜೊತೆಗೇ ಕೊಂಡಿಡಿ.

4. ಒಂದು ವಾರ ನಮ್ಮ ಜಾಗದಲ್ಲೇ, ನಮ್ಮ ತಕ್ಕಡಿಯ ಪಕ್ಕದಲ್ಲೇ ಓಡಿಸಿ ತೋರಿಸಬೇಕೆಂಬ ಷರತ್ತನ್ನು ಕರಾರಿನಲ್ಲಿ ಬರೆಸಿ.

ಕೂಡಿಸುವಾಗ ಪಾಲಿಸಬೇಕಾದ ಕ್ರಮ

ಷೀಲ್ಡಿನ ತುದಿಯನ್ನು ಜಡೆಯಂತೆ ಹೊಸೆದು ಒಂದು ಸ್ಕ್ರೂವಿಗೆ ಕಟ್ಟುವುದು ನಮ್ಮ ಎಲೆಕ್ಟ್ರಿಷಿಯನ್ನರ ವಾಡಿಕೆ. ಅದರಿಂದ ಪ್ರಯೋಜನ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಷೀಲ್ಡ್ ಸುತ್ತಲೂ ಲೋಹದ ಕ್ಲಾಂಪಿಗೆ ತಾಗಬೇಕು. ಕ್ಲಾಂಪ್ ಕೂರುವ ಕಡೆ ಬಣ್ಣ ಕೆರೆದು ಲೋಹ ಕಾಣುವಂತೆ ಮಾಡಬೇಕು. ಯಂತ್ರದ ಬಾಗಿಲು, ತಗಡುಗಳ ಎಲ್ಲ ಸ್ಕ್ರೂಗಳನ್ನೂ ಹಾಕಿರಬೇಕು. ಬಿಟ್ಟ ಸಂದಿಯಿಂದಲೂ ಅಲೆ ಹೊರಬರುತ್ತದೆ.

ಕ್ಯಾಮೆರಾ ಕೇಬಲ್ ಮತ್ತು ಮೋಟಾರಿನ ತಂತಿಗಳನ್ನು ಒಂದೇ ಪೈಪಿನಲ್ಲಿ ಎಳೆಯಬಾರದು. ಕನಿಷ್ಠ ಒಂದು ಅಡಿ ಅಂತರವಿರಲಿ, ದಾಟಬೇಕಾದಲ್ಲಿ ಅಡ್ಡಡ್ಡ ದಾಟಿಸಿ. ಸೊಲೆನಾಯ್ಡ್ ವಾಲ್ವಿಗೆ ಡಯೋಡ್ ಇರಲೇಬೇಕು. ಅದಿಲ್ಲದಿದ್ದರೆ ವಾಲ್ವ್ ಮುಚ್ಚಿದಾಗಲೆಲ್ಲ ಹುಟ್ಟುವ ಹೊಡೆತ ಕ್ಯಾಮೆರಾದ ಚಿತ್ರದಲ್ಲಿ ಗೆರೆ ಎಳೆಯಬಹುದು. ಗೆರೆಯನ್ನು ಕಪ್ಪು ಬೀಜವೆಂದು ತಿಳಿದು ಯಂತ್ರ ಒಳ್ಳೆಯ ಬೀಜವನ್ನೂ ಊದಿಬಿಡುತ್ತದೆ. ತಿರಸ್ಕೃತ ತೊಟ್ಟಿಯಲ್ಲಿ ಒಳ್ಳೆಯ ಬೀಜ ಹೆಚ್ಚಾಗಿ ಕಂಡರೆ ಕ್ಯಾಮೆರಾವನ್ನು ದೂರುವ ಮೊದಲು ಇದನ್ನು ನೋಡಿ.

ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ಮರೆಯಬೇಡಿ. ಯಂತ್ರದ ವಿದ್ಯುತ್ ಪ್ರವೇಶದಲ್ಲಿರುವ ಫಿಲ್ಟರ್ ಸ್ವಲ್ಪ ವಿದ್ಯುತ್ತನ್ನು ಸದಾ ಅರ್ಥಿಗೆ ಬಿಡುತ್ತಿರುತ್ತದೆ. ಅರ್ಥ್ ಕಡಿದಿದ್ದರೆ ಮೈ ಮುಟ್ಟಿದಾಗ ಝುಮ್ಮೆನ್ನುತ್ತದೆ. ಮನೆಯ ಸುರಕ್ಷಾ ಬ್ರೇಕರ್ ಬೀಳುತ್ತದೆಂದು ಕೆಲವರು ಫಿಲ್ಟರನ್ನೇ ಕಿತ್ತುಹಾಕುತ್ತಾರೆ, ಇನ್ನು ಕೆಲವರು ಅರ್ಥ್ ಬಿಚ್ಚುತ್ತಾರೆ. ಮೊದಲನೆಯದು ತಪ್ಪು, ಎರಡನೆಯದು ಪ್ರಾಣಕ್ಕೇ ಅಪಾಯ.

ಖರ್ಚಿಲ್ಲದ ಎರಡು ಪರೀಕ್ಷೆಗಳು

ಮೊದಲನೆಯದು, ಬ್ಯಾಟರಿಯ ಸಣ್ಣ ರೇಡಿಯೋ. ಎಫ್.ಎಂ.ನಲ್ಲಿ ಕ್ಷೀಣವಾಗಿ ಬರುವ ಒಂದು ಕೇಂದ್ರವನ್ನು ಹಾಕಿಕೊಂಡು ಯಂತ್ರದ ಸುತ್ತ ನಡೆಯಿರಿ. ಬಳಿಕ ಮೀಡಿಯಂ ವೇವ್‌ನಲ್ಲಿ ಖಾಲಿ ಜಾಗಕ್ಕೆ ತಿರುಗಿಸಿ ಇನ್ನೊಮ್ಮೆ ನಡೆಯಿರಿ. ದೀಪ, ಕಂಪ್ರೆಸರ್, ತಟ್ಟೆ, ಕ್ಯಾಮೆರಾ ಇವನ್ನು ಒಂದೊಂದಾಗಿ ನಿಲ್ಲಿಸಿದರೆ ಯಾವುದು ನಿಂತಾಗ ಗದ್ದಲ ನಿಲ್ಲುವುದೋ ಅದೇ ಕಳ್ಳ. ನಮ್ಮ ಗೋದಾಮಿನಲ್ಲಿ ಕೇಬಲನ್ನು ಪತ್ತೆ ಮಾಡಿದ್ದು ಹೀಗೆಯೇ.

ಎರಡನೆಯದು, ಮುದ್ರೆ ಇರುವ 20 ಕೆ.ಜಿ. ತೂಕದ ಕಲ್ಲು. ಯಂತ್ರ ನಿಂತಿರುವಾಗ ಒಮ್ಮೆ, ಓಡುವಾಗ ಒಮ್ಮೆ ತಕ್ಕಡಿಯ ಮೇಲಿಟ್ಟು ನೋಡಿ. ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯವರು ಹಾಕುವ ಮುದ್ರೆ ತಕ್ಕಡಿಯ ಯೋಗ್ಯತೆಗೆ ಸಾಕ್ಷಿ. ಆಮೇಲೆ ಅದರ ಪಕ್ಕದಲ್ಲಿ ನಾವು ಏನು ತಂದಿಡುತ್ತೇವೆಂಬುದಕ್ಕೆ ಅದು ಸಾಕ್ಷಿಯಲ್ಲ.

ಷೀಲ್ಡ್ ಕೇಬಲ್ ಹಾಕಿಸಿ, ಎರಡು ತುದಿಗೆ ಫೆರೈಟ್ ಉಂಗುರ ತೊಡಿಸಿ, ತಕ್ಕಡಿಯನ್ನು ಬೇರೆ ಗೋಡೆಗೆ ಸರಿಸಿದ ಮೇಲೆ ಅಂಕಿಗಳು ನಿಂತವು. ಅಜ್ಜಿಯ ರೇಡಿಯೋ ಕೂಡ ಸರಿಹೋಯಿತು. ಆ ಎರಡನೆಯ ವಾರದ ಚೀಲಗಳನ್ನೆಲ್ಲ ಯಂತ್ರ ನಿಲ್ಲಿಸಿ ಮತ್ತೆ ತೂಗಿ ಲೆಕ್ಕ ತಿದ್ದಿದೆವು. ಈಗ ಪ್ರತಿದಿನ ಬೆಳಗ್ಗೆ ಕಲ್ಲಿಟ್ಟು ನೋಡಿ ಪುಸ್ತಕದಲ್ಲಿ ಬರೆಯುವ ಪದ್ಧತಿ ಇಟ್ಟಿದ್ದೇವೆ. ಸದಸ್ಯರು ಯಾವಾಗ ಬೇಕಾದರೂ ಬಂದು ಆ ಪುಸ್ತಕ ನೋಡಬಹುದು. ಯಂತ್ರ ಕೊಳ್ಳುವ ಯೋಚನೆಯಿರುವವರು ಮುಂಗಡ ಕೊಡುವ ಮೊದಲು ಆ ಘೋಷಣಾ ಪತ್ರದೊಡನೆ ಕಚೇರಿಗೆ ಬಂದರೆ ಕೂಡಿ ಓದೋಣ.

— ಕಾರ್ಯದರ್ಶಿ